ಡಿಕ್ರಿ ಕೈಗೆ ಬರಲಿ, ಆಮೇಲೆ ಮುಹೂರ್ತ

ಚಿ. ಸುಮಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಫೋನ್ ಬಂದು ನಾಲ್ಕು ದಿನವಾಯಿತು. ಅವತ್ತು ನಾನು ಜಾಸ್ತಿ ಮಾತಾಡಲಿಲ್ಲ. ಸಿಟ್ಟು ಬಂದಿತ್ತು ಅಂತ ತಿಳ್ಕೋಬೇಡ. ಬಾಯಲ್ಲಿ ಹೇಳೋಕೆ ಹೋದರೆ ನೀನು ನಡುವೆ ‘ಹಾಗಲ್ಲ ದೊಡ್ಡಮ್ಮಾ’ ಅಂತ ಶುರು ಮಾಡುತ್ತೀಯ, ನನಗೆ ಎಳೆ ತಪ್ಪಿಹೋಗುತ್ತದೆ. ಕಾಗದವಾದರೆ ನೀನು ಪೂರ್ತಿ ಓದಲೇಬೇಕು.

ನೀನು ಮದುವೆಯಾಗಬೇಕು ಅಂದುಕೊಂಡಿರುವ ಆತ ಒಳ್ಳೆಯವನು ಅಂದೆ. ನಂಬುತ್ತೇನೆ. ಹೆಂಡತಿ ಬಿಟ್ಟುಹೋಗಿ ಮೂರು ವರ್ಷವಾಯಿತು, ವಿಚ್ಛೇದನದ ಕೇಸು ‘ಮುಗಿಯುವ ಹಂತದಲ್ಲಿದೆ’, ಮುಂದಿನ ತಿಂಗಳು ದೇವಸ್ಥಾನದಲ್ಲಿ ತಾಳಿ ಕಟ್ಟಿಬಿಡುತ್ತೇನೆ ಅನ್ನುತ್ತಾನೆ ಅಂದೆ. ಅದೂ ನಿಜವೇ ಇರಬಹುದು. ನನ್ನ ತಕರಾರು ಆ ‘ಹಂತ’ ಅನ್ನುವ ಪದದ ಮೇಲೆ. ನಾನು ಇಪ್ಪತ್ತೊಂಬತ್ತು ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. ಕೊನೆಯ ಹನ್ನೊಂದು ವರ್ಷ ಕಳೆದದ್ದು ಕೌಟುಂಬಿಕ ನ್ಯಾಯಾಲಯದಲ್ಲಿ. ಕಾನೂನು ಓದಿದವಳಲ್ಲ ನಿಜ. ಆದರೆ ಅಷ್ಟು ತೀರ್ಪು ಟೈಪ್ ಮಾಡಿದ ಮೇಲೆ, ಒಂದು ವಾಕ್ಯ ಶುರುವಾದಾಗಲೇ ಅದು ಹೇಗೆ ಮುಗಿಯುತ್ತದೆ ಅಂತ ಬೆರಳಿಗೇ ಗೊತ್ತಾಗಿಬಿಡುತ್ತದೆ.

ಅಲ್ಲಿಗೆ ಒಬ್ಬಳು ಹೆಂಗಸು ಬರುತ್ತಿದ್ದಳು. ಪ್ರತಿ ಸಲವೂ ಮದುವೆಯ ಆಲ್ಬಮ್ ಎದೆಗೆ ಅವಚಿಕೊಂಡು ಬೆಂಚಿನ ಮೇಲೆ ಕೂತಿರುತ್ತಿದ್ದಳು. ಗಂಡ ಹೊಡೆಯುತ್ತಾನೆ, ವಿಚ್ಛೇದನ ಬೇಕು ಅಂತ ಅರ್ಜಿ ಹಾಕಿದ್ದಳು. ಆತನ ವಕೀಲರು ಒಂದೇ ಒಂದು ಕಾಗದ ತಂದಿಟ್ಟರು. ಇವಳ ಮದುವೆಗೆ ಆರು ವರ್ಷ ಮುಂಚೆ ಆತನಿಗೆ ಆಗಿದ್ದ ಮೊದಲ ಮದುವೆಯ ದಾಖಲೆ. ಮೊದಲ ಹೆಂಡತಿ ಬದುಕಿದ್ದಳು, ಆ ಮದುವೆ ಮುರಿದೂ ಇರಲಿಲ್ಲ. ಅಲ್ಲಿಗೆ ಮುಗಿಯಿತು. ಬಿಡುಗಡೆ ಕೇಳಲು ಬಂದವಳಿಗೆ, ಮದುವೆಯೇ ಆಗಿಲ್ಲದ ಮೇಲೆ ವಿಚ್ಛೇದನ ಯಾವುದಕ್ಕೆ ಅಂತ ಉತ್ತರ ಸಿಕ್ಕಿತು. ಆ ಆದೇಶ ಟೈಪ್ ಮಾಡಿದ್ದು ನಾನೇ. ಅವಳು ಆಲ್ಬಮ್ಮನ್ನು ಬೆಂಚಿನ ಮೇಲೇ ಬಿಟ್ಟು ಹೋದಳು. ನಮ್ಮ ಜವಾನ ಅದನ್ನು ಹಿಡಿದುಕೊಂಡು ಗೇಟಿನವರೆಗೆ ಓಡಿದ.

ನಿನಗೆ ಕಾಡುತ್ತಿರುವುದು ಜೈಲಿನ ಭಯ. ನೀನು ಕೇಳಿದ್ದೂ ಅದನ್ನೇ, ‘ಪೊಲೀಸರು ಬರ್ತಾರಾ’ ಅಂತ. ನನಗೆ ಅದಕ್ಕಿಂತ ಆ ಆಲ್ಬಮ್ಮಿನ ಭಯ ಜಾಸ್ತಿ. ಆದರೂ ಕೇಳಿದ್ದಕ್ಕೆ ಮೊದಲು ಉತ್ತರ ಹೇಳುತ್ತೇನೆ.

ಹೆಂಡತಿ ಬದುಕಿರುವಾಗ, ಆ ಮದುವೆ ಕಾನೂನಿನಂತೆ ಮುರಿಯದೆ ಇರುವಾಗ ಇನ್ನೊಂದು ಮದುವೆಯಾಗುವುದು ಅಪರಾಧ. ಹಿಂದೆ ಅದು ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ 494ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್. ಏಳು ವರ್ಷದವರೆಗೆ ಜೈಲು, ಜೊತೆಗೆ ದಂಡ. ಮೊದಲ ಮದುವೆಯನ್ನು ಮುಚ್ಚಿಟ್ಟು ಆದರೆ ಹತ್ತು ವರ್ಷದವರೆಗೆ. ನಮ್ಮಲ್ಲಿ ಪೊಲೀಸರು ತಾವಾಗಿ ಬಂದು ಹಿಡಿದುಕೊಂಡು ಹೋಗುವ ಅಪರಾಧವಲ್ಲ ಇದು. ನೊಂದವರು ಕೋರ್ಟಿಗೆ ದೂರು ಕೊಡಬೇಕು. ಸಾಮಾನ್ಯವಾಗಿ ಕೊಡುವವಳು ಮೊದಲ ಹೆಂಡತಿ. ಮೋಸಹೋದ ಎರಡನೆಯವಳೂ ಕೊಡಬಹುದು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿನಗೆ ಹಿಂದೆ ಮದುವೆಯಾಗಿಲ್ಲ, ಹಾಗಾಗಿ ಈ ಸೆಕ್ಷನ್ ನೇರವಾಗಿ ತಗುಲುವುದು ಆತನಿಗೆ. ಆದರೆ ಎಲ್ಲ ಗೊತ್ತಿದ್ದೂ ಮದುವೆಗೆ ನಿಂತವಳನ್ನು ಕುಮ್ಮಕ್ಕು ಕೊಟ್ಟವಳು ಅಂತ ದೂರಿನಲ್ಲಿ ಸೇರಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಶಿಕ್ಷೆ ಆಗುತ್ತದೋ ಬಿಡುತ್ತದೋ, ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದಂತೂ ತಪ್ಪದು.

ಈಗ ಆಲ್ಬಮ್ಮಿನ ವಿಷಯ.

1955ರ ಹಿಂದೂ ವಿವಾಹ ಕಾಯ್ದೆಯ 5ನೇ ಸೆಕ್ಷನ್ನಿನ ಮೊದಲ ಷರತ್ತೇ ಇದು: ಮದುವೆಯ ಹೊತ್ತಿಗೆ ಇಬ್ಬರಲ್ಲಿ ಯಾರಿಗೂ ಬದುಕಿರುವ ಗಂಡನೋ ಹೆಂಡತಿಯೋ ಇರಬಾರದು. ಇದ್ದರೆ 11ನೇ ಸೆಕ್ಷನ್ ಪ್ರಕಾರ ಆ ಮದುವೆ ಶೂನ್ಯ. ಈ ಪದವನ್ನು ನಾನು ಎಷ್ಟು ಸಲ ಹೊಡೆದಿದ್ದೇನೋ. ಯಾರೋ ಬಂದು ರದ್ದು ಮಾಡಿದ ಮೇಲೆ ಹೋಗುವ ಮದುವೆಯಲ್ಲ ಅದು. ತಾಳಿ ಕಟ್ಟಿದ ಕ್ಷಣದಿಂದಲೇ ಇಲ್ಲ. ಅವನ ಕೇಸು ‘ಮುಗಿಯುವ ಹಂತದಲ್ಲಿ’ ಇದ್ದರೂ ಅಷ್ಟೇ, ಮೊದಲ ದಿನದಲ್ಲಿದ್ದರೂ ಅಷ್ಟೇ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ನಿನ್ನ ಮದುವೆಯಾದ ಎರಡು ತಿಂಗಳಿಗೆ ಅವನಿಗೆ ಡಿಕ್ರಿ, ಅಂದರೆ ವಿಚ್ಛೇದನ ಕೊಟ್ಟ ಕೋರ್ಟಿನ ಆದೇಶ, ಸಿಕ್ಕಿತು ಅಂತಿಟ್ಟುಕೋ. ಆಗಲೂ ನಿಮ್ಮ ಮದುವೆ ತಾನಾಗಿ ಸರಿಹೋಗುವುದಿಲ್ಲ. ಹೊಸದಾಗಿ ಇನ್ನೊಮ್ಮೆ ಮದುವೆಯಾಗಬೇಕು. ಎಷ್ಟು ಜನ ಆಗುತ್ತಾರೆ ಹೇಳು? ನೆಂಟರಿಗೆ ಏನು ಹೇಳೋದು ಅಂತ ಸುಮ್ಮನಿದ್ದುಬಿಡುತ್ತಾರೆ. ಆಮೇಲೆ ಗಂಡ ತೀರಿಕೊಂಡಾಗ ಕಾಗದ ಹುಡುಕುತ್ತಾರೆ.

ಉಯಿಲು ಬರೆಯದೆ ಆತ ಸತ್ತರೆ, ವಿಚ್ಛೇದನ ಆಗಿಲ್ಲದ ಮೊದಲ ಹೆಂಡತಿಯೇ ವಾರಸುದಾರಳು. ನೀನು ಇಪ್ಪತ್ತು ವರ್ಷ ಸಂಸಾರ ಮಾಡಿದ್ದರೂ ಆ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ. ಕುಟುಂಬ ಪಿಂಚಣಿಯೂ ಕಾನೂನುಬದ್ಧ ಹೆಂಡತಿಗೇ. ಮಕ್ಕಳ ಮಟ್ಟಿಗೆ ಕಾನೂನು ಮೃದು, ಅದೊಂದು ಸಮಾಧಾನ. ಹಿಂದೂ ವಿವಾಹ ಕಾಯ್ದೆಯ 16ನೇ ಸೆಕ್ಷನ್ನಿನಂತೆ ಇಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳೂ ಸಕ್ರಮ ಮಕ್ಕಳೇ. 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ನಮ್ಮ ಕರ್ನಾಟಕದಿಂದ ಹೋದ ಕೇಸಿನಲ್ಲೇ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಅಪ್ಪ ಅಮ್ಮ ಸಂಪಾದಿಸಿದ ಆಸ್ತಿಯಲ್ಲಿ ಆ ಮಕ್ಕಳಿಗೆ ಹಕ್ಕಿದೆ. ಪಿತ್ರಾರ್ಜಿತದಲ್ಲಿ ಅಪ್ಪನ ಪಾಲಿಗೆ ಎಷ್ಟು ಬರುತ್ತಿತ್ತೋ ಅದರಲ್ಲೂ ಇದೆ. ಉಳಿದ ದಾಯಾದಿಗಳ ಪಾಲಿಗೆ ಮಾತ್ರ ಕೈ ಹಾಕುವಂತಿಲ್ಲ. ಮಗುವಿಗೆ ಅಪ್ಪ ಸಿಗುತ್ತಾನೆ, ತಾಯಿಗೆ ಗಂಡ ಸಿಗುವುದಿಲ್ಲ. ವಿಚಿತ್ರ ಅಲ್ವಾ?

ನಿನಗೆ ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು ಇದು. ಮೋಸಹೋದವಳ ಕಡೆ ಕೋರ್ಟು ಬಾಗುತ್ತದೆ. 2013ರಲ್ಲಿ ಸುಪ್ರೀಂ ಕೋರ್ಟಿನಿಂದ ಎರಡು ತೀರ್ಪು ಬಂದವು. ಒಂದರಲ್ಲಿ ಗಂಡಸು ಮೊದಲ ಮದುವೆಯನ್ನು ಮುಚ್ಚಿಟ್ಟು ಇನ್ನೊಬ್ಬಳನ್ನು ಮದುವೆಯಾಗಿದ್ದ. ಮೋಸ ಮಾಡಿದವನು ತನ್ನ ಮೋಸದ ಲಾಭ ತಾನೇ ಪಡೆಯಕೂಡದು ಅಂತ ಕೋರ್ಟು ಅವಳಿಗೆ ಜೀವನಾಂಶ ಕೊಡಿಸಿತು. ಅದೇ ವರ್ಷದ ಇನ್ನೊಂದು ಕೇಸು ಕರ್ನಾಟಕದ್ದು. ಆತನಿಗೆ ಹೆಂಡತಿ ಮಕ್ಕಳಿದ್ದಾರೆ ಅಂತ ಗೊತ್ತಿದ್ದೇ ಒಬ್ಬಳು ವರ್ಷಗಟ್ಟಲೆ ಅವನ ಜೊತೆ ಬಾಳಿದ್ದಳು. ಆತ ಕೈಬಿಟ್ಟಾಗ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಕೇಳಿಕೊಂಡು ಬಂದಳು. ಇದು ಮದುವೆಯಂಥ ಸಂಬಂಧವಲ್ಲ ಅಂದಿತು ಕೋರ್ಟು. ಅವಳಿಗೆ ಏನೂ ಸಿಗಲಿಲ್ಲ.

ಇಬ್ಬರೂ ಹೆಂಗಸರೇ, ಇಬ್ಬರೂ ಸಂಸಾರ ಮಾಡಿದವರೇ. ಒಬ್ಬಳಿಗೆ ಗೊತ್ತಿರಲಿಲ್ಲ, ಇನ್ನೊಬ್ಬಳಿಗೆ ಗೊತ್ತಿತ್ತು. ಸುಮಾ, ನಿನಗೆ ಗೊತ್ತಿದೆ. ಆತ ಪ್ರಾಮಾಣಿಕವಾಗಿ ಎಲ್ಲ ಹೇಳಿದ್ದಾನೆ ಅಂತ ನೀನು ಖುಷಿಪಟ್ಟೆ. ಅವನ ಪ್ರಾಮಾಣಿಕತೆ ಕೋರ್ಟಿನಲ್ಲಿ ಅವನಿಗೇ ಅನುಕೂಲ. ನಿಮ್ಮಿಬ್ಬರ ವಾಟ್ಸಾಪ್ ಮಾತುಗಳೇ ಸಾಕ್ಷಿಯಾಗುತ್ತವೆ.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಮದುವೆ ಶೂನ್ಯ ಅಂತಾದರೂ ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ನಿನಡಿ ಶಾಶ್ವತ ಜೀವನಾಂಶ ಕೇಳಬಹುದು ಅಂದಿದೆ. ಆದರೆ ಕೊಡುವುದು ಬಿಡುವುದು ಆಯಾ ಕೇಸು, ಇಬ್ಬರ ನಡತೆ ನೋಡಿಕೊಂಡು. ನಡತೆ ಅಂದ ತಕ್ಷಣ ಮತ್ತೆ ಅದೇ ಪ್ರಶ್ನೆ ಬರುತ್ತದೆ, ನಿನಗೆ ಗೊತ್ತಿತ್ತೋ ಇಲ್ಲವೋ ಅಂತ.

ನೀನು ಕೇಂದ್ರ ಸರ್ಕಾರದ ಪರೀಕ್ಷೆಗೆ ಓದುತ್ತಿದ್ದೀಯ. ಆತನೂ ಕೇಂದ್ರ ಸರ್ಕಾರದ ನೌಕರ. 1964ರ ನಡತೆ ನಿಯಮಗಳಲ್ಲಿ 21ನೇ ನಿಯಮ ತೆಗೆದು ನೋಡು. ಹೆಂಡತಿ ಇರುವ ನೌಕರ ಇನ್ನೊಂದು ಮದುವೆಯಾಗುವುದು ತಪ್ಪು. ಹೆಂಡತಿ ಇರುವವನನ್ನು ನೌಕರಿಯಲ್ಲಿರುವವಳು ಮದುವೆಯಾಗುವುದೂ ಅಷ್ಟೇ ತಪ್ಪು. ನೇಮಕಾತಿ ನಿಯಮಗಳಲ್ಲೂ ಇದೇ ಧಾಟಿಯ ಒಂದು ಅನರ್ಹತೆ ಇರುತ್ತದೆ. ಮೂರು ವರ್ಷ ಓದಿ, ಪಾಸಾಗಿ, ಇದರಲ್ಲಿ ಸಿಕ್ಕಿಹಾಕಿಕೊಳ್ಳಬೇಕಾ? ಅವನ ಕೆಲಸಕ್ಕೂ ಕುತ್ತು.

ಜನ ಹೇಳಿಕೊಡುವ ಅಡ್ಡದಾರಿಗಳು ನಿನ್ನ ಕಿವಿಗೂ ಬಿದ್ದಿರುತ್ತವೆ. ‘ಸುಮ್ನೆ ಹಾರ ಬದಲಾಯಿಸಿಕೊಳ್ಳಿ, ಶಾಸ್ತ್ರ ಮಾಡಬೇಡಿ, ಯಾರೂ ಏನೂ ಮಾಡೋಕಾಗಲ್ಲ’ ಅನ್ನುವುದು ಒಂದು. ಇದರಲ್ಲಿ ಅರ್ಧ ನಿಜವಿದೆ. ಶಾಸ್ತ್ರೋಕ್ತವಾಗಿ ಎರಡನೇ ಮದುವೆ ನಡೆದದ್ದು ಸಾಬೀತಾಗದಿದ್ದರೆ ಶಿಕ್ಷೆ ನಿಲ್ಲುವುದಿಲ್ಲ ಅಂತ 1965ರಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತಿದೆ. ಅವನು ಪಾರಾಗುತ್ತಾನೆ, ಸರಿ. ಅದೇ ಕಾರಣಕ್ಕೆ ನೀನು ಎರಡು ಸಲ ಹೆಂಡತಿಯಲ್ಲ: ಅವನ ಮೊದಲ ಮದುವೆ ಇನ್ನೂ ಇದೆ ಅಂತ ಒಂದು ಸಲ, ಶಾಸ್ತ್ರವೇ ಆಗಿಲ್ಲ ಅಂತ ಇನ್ನೊಂದು ಸಲ. ಈ ಸಲಹೆ ಕೊಡುವವರು ಯಾವಾಗಲೂ ಗಂಡಿನ ಕಡೆಯವರೇ ಆಗಿರುತ್ತಾರೆ, ಗಮನಿಸು. ರಿಜಿಸ್ಟರ್ ಮಾಡಿಸಿದರೆ ಸಾಕು ಅನ್ನುವುದು ಇನ್ನೊಂದು. ಶಾಸ್ತ್ರವೇ ನಡೆಯದ ಹಿಂದೂ ಮದುವೆಯನ್ನು ಬರೀ ಸರ್ಟಿಫಿಕೇಟು ಉಳಿಸುವುದಿಲ್ಲ ಅಂತ 2024ರಲ್ಲಿ ತೀರ್ಪು ಬಂದಿದೆ. ಹಾಗಿರುವಾಗ ಶೂನ್ಯವಾದ ಮದುವೆಯನ್ನು ಅದು ಹೇಗೆ ಉಳಿಸೀತು? ಧರ್ಮ ಬದಲಾಯಿಸಿ ಇನ್ನೊಂದು ಮದುವೆಯಾಗುವ ಉಪಾಯಕ್ಕೆ 1995ರಲ್ಲೇ ಬಾಗಿಲು ಮುಚ್ಚಿಯಾಗಿದೆ. ಇನ್ನು ಛಾಪಾ ಕಾಗದದ ಮೇಲೆ, ನೋಟರಿ ಮುಂದೆ, ಪಂಚರ ಸಹಿ ಹಾಕಿಸಿ ಬರೆದುಕೊಳ್ಳುವ ಬಿಡುಗಡೆ ಪತ್ರ. ಕೆಲವು ಸಮುದಾಯಗಳಲ್ಲಿ ಆ ರೂಢಿ ಹಿಂದಿನಿಂದ ಬಂದಿದೆ, ಕಾಯ್ದೆಯೂ ಅದಕ್ಕೆ ಜಾಗ ಬಿಟ್ಟಿದೆ. ಆದರೆ ರೂಢಿ ಇದೆ ಅಂತ ಕೋರ್ಟಿನಲ್ಲಿ ಗಟ್ಟಿಯಾಗಿ ಸಾಬೀತು ಮಾಡಬೇಕು. ನಾನು ಕಂಡ ಇಂಥ ಕಾಗದಗಳಲ್ಲಿ ಜಾಸ್ತಿ ಬಿದ್ದುಹೋದವೇ.

‘ನಮ್ಮ ಮುತ್ತಜ್ಜನಿಗೆ ಇಬ್ಬರು ಹೆಂಡಿರಿರಲಿಲ್ವಾ’ ಅಂತ ನಿಮ್ಮಪ್ಪ ನಗುತ್ತಾ ಅಂದನಂತೆ. ಇದ್ದರು. ಅದು 1955ಕ್ಕಿಂತ ಮುಂಚಿನ ಮಾತು, ಆಗ ಅದು ಕಾನೂನಿಗೆ ವಿರೋಧವಾಗಿರಲಿಲ್ಲ. ಕಿರಿಯಜ್ಜಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರು ಅಡುಗೆಮನೆಯ ಹೊಸ್ತಿಲಲ್ಲೇ ಕೂತು ಉಣ್ಣುತ್ತಿದ್ದರು, ಒಳಗೂ ಅಲ್ಲ ಹೊರಗೂ ಅಲ್ಲ. ನಿಮ್ಮಪ್ಪ ಆಗ ತೊಟ್ಟಿಲಲ್ಲಿದ್ದ. ಅವನಿಗೇನು ಗೊತ್ತು?

ಈಗ ಮಾಡಬೇಕಾದದ್ದು. ಆತನನ್ನು ಎಂ.ಸಿ. ನಂಬರ್, ಅಂದರೆ ಮ್ಯಾಟ್ರಿಮೋನಿಯಲ್ ಕೇಸಿನ ನಂಬರ್ ಕೇಳು. ವಿಚ್ಛೇದನದ ಕೇಸಿಗೆ ಅದು ಇದ್ದೇ ಇರುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ನೋಡು, ಮುಂದಿನ ತಾರೀಖು, ಯಾವ ಹಂತ, ಎಲ್ಲ ಸಿಗುತ್ತದೆ. ನಂಬರ್ ಕೊಡೋಕೆ ಹಿಂದೆಮುಂದೆ ನೋಡಿದರೆ ನಿನಗೆ ಅಲ್ಲೇ ಅರ್ಥವಾಗಬೇಕು. ಅದು ವಿಚ್ಛೇದನದ ಅರ್ಜಿಯೇನಾ ನೋಡು. ಬರೀ ಜೀವನಾಂಶದ ಕೇಸನ್ನು ‘ಡೈವೋರ್ಸ್ ಕೇಸು’ ಅಂತ ಹೇಳಿಕೊಂಡು ತಿರುಗುವವರಿದ್ದಾರೆ. ನ್ಯಾಯಿಕ ಪ್ರತ್ಯೇಕತೆ ಅಂತ ಇನ್ನೊಂದು ಡಿಕ್ರಿ ಇದೆ. ಅದರಲ್ಲಿ ಬೇರೆ ಇರಲು ಮಾತ್ರ ಒಪ್ಪಿಗೆ, ಮದುವೆ ಹಾಗೇ ಇರುತ್ತದೆ. ಇಬ್ಬರ ಒಪ್ಪಿಗೆಯ ಅರ್ಜಿಯಾದರೆ ಅದು ಎರಡು ಸಲದ ಕೆಲಸ. ಮೊದಲ ಸಲ ಸಹಿ ಹಾಕಿದವಳು ಎರಡನೇ ಸಲಕ್ಕೆ ಬಂದು ಒಲ್ಲೆ ಅನ್ನಬಹುದು, ಆಗ ಎಲ್ಲ ಮತ್ತೆ ಮೊದಲಿಗೆ. ಹೆಂಡತಿ ಬಾರದೆ ಏಕಪಕ್ಷೀಯವಾಗಿ ಆದ ಡಿಕ್ರಿಯಾದರೆ ಇನ್ನೂ ಹುಷಾರು. ನೋಟಿಸೇ ಮುಟ್ಟಿರಲಿಲ್ಲ ಅಂತ ಅವಳು ಬಂದರೆ ಅದನ್ನು ತೆಗೆದುಹಾಕಬಹುದು.

ಡಿಕ್ರಿ ಆದ ಮಾರನೇ ದಿನವೇ ಮದುವೆ ಅಂತಲೂ ಹೊರಡಬೇಡಿ. 15ನೇ ಸೆಕ್ಷನ್ ಪ್ರಕಾರ ಅಪೀಲಿನ ಅವಧಿ ಮುಗಿದಿರಬೇಕು, ಅಪೀಲು ಹೋಗಿದ್ದರೆ ಅದು ವಜಾ ಆಗಿರಬೇಕು. ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಅವಧಿ 90 ದಿನ. ಆಮೇಲೆ ವಿಶೇಷ ವಿವಾಹ ಕಾಯ್ದೆಯಡಿ ಮಾಡಿಕೊಳ್ಳಿ ಅನ್ನುವುದು ನನ್ನ ಆಸೆ. 30 ದಿನದ ನೋಟಿಸ್ ಇರುತ್ತದೆ. ತಕರಾರು ಯಾವುದಾದರೂ ಇದ್ದರೆ ಮದುವೆಗೆ ಮುಂಚೆಯೇ ಹೊರಬರುತ್ತದೆ. ದೇವಸ್ಥಾನಕ್ಕೆ ಆಮೇಲೆ ಹೋಗಿ, ನಾನೂ ಬರುತ್ತೇನೆ.

ಆತ ನಿಜವಾಗಿ ಒಳ್ಳೆಯವನಾದರೆ ಈ ಕಾಗದವನ್ನು ಅವನಿಗೆ ತೋರಿಸಿದರೂ ಬೇಜಾರಾಗುವುದಿಲ್ಲ. ತೋರಿಸು. ಇಷ್ಟು ದಿನ ಕಾದವರು ಇನ್ನೊಂದಷ್ಟು ತಿಂಗಳು ಕಾಯಬಹುದು. ಅಲ್ಲಿಯವರೆಗೆ ನೀನು ಪರೀಕ್ಷೆಗೆ ಓದಿಕೋ.

ಡಿಕ್ರಿಯ ದೃಢೀಕೃತ ನಕಲು ಸಿಕ್ಕ ದಿನ ನನಗೆ ಫೋಟೋ ಕಳಿಸು. ಬರೀ ಮೊದಲ ಪುಟ ಸಾಲದು, ಕೊನೆಯ ಪುಟವೂ ಬೇಕು. ಆದೇಶ ಇರುವುದು ಅಲ್ಲಿ. ಸ್ವಲ್ಪ ದೊಡ್ಡದಾಗಿ ಕಾಣುವಂತೆ ತೆಗೆ, ಹೊಸ ಕನ್ನಡಕ ಇನ್ನೂ ಬಂದಿಲ್ಲ.

ಇತಿ ನಿನ್ನ,
ದೊಡ್ಡಮ್ಮ