ಪಕ್ಕದ ಮನೆ ಅಜ್ಜಿಯ ಮುತ್ತಜ್ಜಿಯ ಊರು

ಹೋಬಾರ್ಟ್, ಟಾಸ್ಮೇನಿಯಾ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಮೊನ್ನೆ ಫೋನಿನಲ್ಲಿ ನೀವು ಕೇಳಿದ್ರಿ, "ಮನೆತನದಲ್ಲಿ ಜೈಲಿಗೆ ಹೋದವರಿದ್ರೆ ಜನ ಮುಚ್ಚಿಡ್ತಾರೆ, ಆ ಪಕ್ಕದ ಮನೆ ಅಜ್ಜಿ ಕೈದಿಯಾಗಿ ಬಂದ ಮುತ್ತಜ್ಜಿಯನ್ನ ಯಾಕೆ ಹುಡುಕ್ತಾ ಇದ್ದಾರೆ?" ಅಂತ. ಆಗ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲೂ ಮುಚ್ಚಿಟ್ಟಿದ್ದರು, ಅಪ್ಪ. 'ನಮ್ಮ ಹಿರಿಯರು ಐರ್ಲೆಂಡಿನವರು' ಅಂತ ಮಾತ್ರ ಅಜ್ಜಿಗೆ ಹೇಳಿದ್ದರಂತೆ. ಹೇಗೆ ಬಂದರು ಅಂತ ಕೇಳಿದರೆ ದೊಡ್ಡವರು ಮಾತು ಬದಲಿಸುತ್ತಿದ್ದರಂತೆ. 1788ರಿಂದ 1868ರವರೆಗೆ ಬ್ರಿಟಿಷ್ ಸರ್ಕಾರ ಸುಮಾರು 1,62,000 ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿತು. ಹತ್ತಿರ ಹತ್ತಿರ ಅರ್ಧದಷ್ಟು ಜನ ಬಂದದ್ದು ಈ ದ್ವೀಪಕ್ಕೆ. 1853ರಲ್ಲಿ ಇಲ್ಲಿಗೆ ಕೈದಿಗಳನ್ನು ತರುವುದು ನಿಂತಿತು. ಅದಾಗಿ ಮೂರೇ ವರ್ಷಕ್ಕೆ ವ್ಯಾನ್ ಡೀಮನ್ಸ್ ಲ್ಯಾಂಡ್ ಅನ್ನುವ ಹೆಸರನ್ನೇ ತೆಗೆದು ಟಾಸ್ಮೇನಿಯಾ ಅಂತ ಇಟ್ಟರು. ನಾಡಿಗೇ ಹಳೇ ಹೆಸರು ಬೇಡವಾಗಿದ್ದಾಗ ಮನೆಯವರು ಬಾಯಿ ಬಿಡುತ್ತಾರಾ?

ಅಜ್ಜಿಗೆ ಕಣ್ಣು ಮಂಜು. ಹಾಗಾಗಿ ಕೈಬರಹ ಓದುವ ಕೆಲಸ ನನ್ನದಾಯಿತು. ನೀವು ಹಳೇ ಪಹಣಿ ಬಿಡಿಸಿ ಓದುವುದನ್ನು ನೋಡಿ ಬೆಳೆದವಳಲ್ವಾ, ತಾಳ್ಮೆ ಇತ್ತು. ಮೊದಲು ಸಿಕ್ಕಿದ್ದು ಆ ಮುತ್ತಜ್ಜಿಯ ಮದುವೆಯ ಪರವಾನಗಿ. ಕೈದಿಗಳು ಮದುವೆಯಾಗಬೇಕಾದರೆ ಸರ್ಕಾರದ ಒಪ್ಪಿಗೆ ಬೇಕಿತ್ತು. ಅದರಲ್ಲಿ ಹೆಸರಿನ ಜೊತೆ ಬಂದ ಹಡಗಿನ ಹೆಸರೂ ಇದೆ. ಒಂದೇ ಹೆಸರಿನ ಐರಿಶ್ ಹೆಂಗಸರು ಎಷ್ಟೋ ಮಂದಿ ಬಂದಿದ್ದರು. ಹಡಗು ಗೊತ್ತಾದರೆ ಮಾತ್ರ ಇವಳೇ ಅವಳು ಅಂತ ಧೈರ್ಯವಾಗಿ ಹೇಳಬಹುದು.

ಹಡಗಿನ ಹೆಸರು ಹಿಡಿದು ಹೋದರೆ, ಕೈದಿಗಳ ನಡತೆ ಬರೆದಿಟ್ಟ ಪುಸ್ತಕದಲ್ಲಿ ಅವಳ ಪುಟ ಸಿಕ್ಕಿತು. ಇಲ್ಲಿನ ಪತ್ರಾಗಾರ ಇವನ್ನೆಲ್ಲ ಆನ್‌ಲೈನ್‌ನಲ್ಲಿ ಹಾಕಿದೆ, ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ವಯಸ್ಸು 22. ಎತ್ತರ, ಕೂದಲು, ಹುಬ್ಬು, ಮೂಗು, ಗಲ್ಲ ಎಲ್ಲ ಬರೆದಿದ್ದಾರೆ. ಓದಲು ಬಾರದು. ಅಪರಾಧ, ಕುರಿ ಕದ್ದದ್ದು. ಶಿಕ್ಷೆ ಏಳು ವರ್ಷ. ಬಂದದ್ದು 1849ರಲ್ಲಿ. ಮೊದಲು ಡರ್ವೆಂಟ್ ನದಿಯಲ್ಲಿ ನಿಲ್ಲಿಸಿದ್ದ ಆನ್ಸನ್ ಅನ್ನುವ ಹಳೇ ಯುದ್ಧನೌಕೆಯಲ್ಲಿ ಇಟ್ಟರು, ಆಮೇಲೆ ಮನೆಗೆಲಸಕ್ಕೆ ಕಳಿಸಿದರು. ಆ ಕಾಲದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು. ಅಂಥಾ ಹೊತ್ತಿನಲ್ಲಿ ಒಂದು ಕುರಿ ಹೊಡೆದುಕೊಂಡು ಹೋದ ಹುಡುಗಿಯನ್ನು ಕಳ್ಳಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಊರು ಸಿಕ್ಕಿದ್ದು ಇನ್ನೊಂದು ಪುಸ್ತಕದಲ್ಲಿ. ಹಡಗು ಇಳಿದಾಗ ಪ್ರತಿಯೊಬ್ಬರನ್ನೂ ಕೇಳಿ ಬರೆದುಕೊಂಡ ಪಟ್ಟಿ ಅದು. ಹುಟ್ಟಿದ ಊರು, ತಂದೆ ತಾಯಿ, ಒಡಹುಟ್ಟಿದವರು. ಕಾರ್ಕ್ ಸೀಮೆ, ಅಮ್ಮ ಇದ್ದಾರೆ, ಇಬ್ಬರು ಅಣ್ಣಂದಿರು ಇದ್ದಾರೆ. ಇದನ್ನು ಓದಿ ಹೇಳಿದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಆ ದಿನ ನಮ್ಮವರೂ ನೆನಪಾದರು. ಅಂಡಮಾನ್ ಜೈಲಿನ ಕಾಲಕ್ಕಿಂತ ಮುಂಚೆ ಕಂಪನಿ ಸರ್ಕಾರ ನಮ್ಮ ಕಡೆಯ ಕೈದಿಗಳನ್ನು ಪೆನಾಂಗ್, ಸಿಂಗಾಪುರಕ್ಕೆ ಸಾಗಿಸಿತ್ತು. 1837ರ ಅಮರ ಸುಳ್ಯ ದಂಗೆಯ ಕೆಲವರನ್ನೂ ಹಾಗೇ ಕರಿನೀರು ದಾಟಿಸಿದರು. ಅವರ ಮರಿಮಕ್ಕಳು ಅಲ್ಲಿ ಎಲ್ಲಾದರೂ ಇದ್ದರೆ, ಊರಿಗೆ ಬರುವ ದಾರಿ ಅವರಿಗೂ ಸಿಗಲಿ ಅನ್ನಿಸಿತು.

ಐರ್ಲೆಂಡಿನ ಕಡೆ ಹುಡುಕುವುದು ಜಾಸ್ತಿ ಕಷ್ಟ. ಡಬ್ಲಿನ್‌ನ ಸರ್ಕಾರಿ ಪತ್ರಾಗಾರ 1922ರ ಅಂತರ್ಯುದ್ಧದಲ್ಲಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಅಲ್ಲೇ ಬೂದಿಯಾಯಿತು. ಊರಲ್ಲೇ ಉಳಿದ ಅಣ್ಣಂದಿರ ಬಗ್ಗೆ ಒಂದು ಸಾಲು ಸಿಗುವುದೂ ಕಷ್ಟ, ಗಡೀಪಾರಾದ ತಂಗಿಯ ಹುಬ್ಬಿನ ಬಣ್ಣ ಕೂಡ ನಮಗೆ ಗೊತ್ತು! ಪುಣ್ಯಕ್ಕೆ ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳು ಆಯಾ ಊರಲ್ಲೇ ಇದ್ದವು, ಉಳಿದುಕೊಂಡವು. ಅವಳ ದೀಕ್ಷಾಸ್ನಾನದ ಸಾಲು ಸಿಕ್ಕಿದೆ. ಹೆಸರು ಲ್ಯಾಟಿನ್‌ನಲ್ಲಿದೆ, ತಂದೆ ತಾಯಿಯ ಹೆಸರು ಇಲ್ಲಿನ ಪಟ್ಟಿಗೆ ಸರಿಹೊಂದುತ್ತದೆ.

ಈಗ ಉಳಿದಿರುವುದು ಅಣ್ಣಂದಿರು. 1847ರಿಂದ 1864ರ ನಡುವೆ ಐರ್ಲೆಂಡಿನ ಮನೆ, ಜಮೀನುಗಳಿಗೆಲ್ಲ ತೆರಿಗೆಗಾಗಿ ಬೆಲೆ ಕಟ್ಟಿದ್ದರು. ಗ್ರಿಫಿತ್ ವ್ಯಾಲ್ಯುಯೇಶನ್ ಅಂತ ಅದರ ಹೆಸರು. ಯಾರ ಜಮೀನು, ಯಾರ ಗೇಣಿ, ವಿಸ್ತೀರ್ಣ ಎಷ್ಟು, ನಕ್ಷೆಯಲ್ಲಿ ಯಾವ ನಂಬರ್, ಎಲ್ಲ ಇದೆ. ಅದೇ ಊರಿನಲ್ಲಿ ಅದೇ ಹೆಸರಿನ ಒಬ್ಬ ಗೇಣಿದಾರ ಸಿಕ್ಕಿದ್ದಾನೆ. ಅವನೇ ಅಣ್ಣ ಅಂತ ಇನ್ನೂ ಖಾತ್ರಿಯಿಲ್ಲ. ನಕ್ಷೆಯ ನಂಬರ್‌ಗೂ ಪಟ್ಟಿಗೂ ತಾಳೆ ನೋಡುವುದು ನಿಮಗೆ ಕೈಬಂದ ಕೆಲಸ. ಆ ಎರಡು ಪುಟ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ, ಬಿಡುವಾದಾಗ ನೋಡಿ ಹೇಳಿ. ಅಜ್ಜಿ ಕಾಯುತ್ತಿದ್ದಾರೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ ಮಗಳು