ಕೋಡಿಬಾಗದಿಂದ ದಾಂಡೇಲಿಗೆ ಒಂದು ಪತ್ರ

ಪ್ರೀತಿಯ ದೋಸ್ತ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಎತ್ತಿದ ಕೂಡಲೇ ನಾವಿಬ್ಬರೂ ಆ ಛತ್ರಿಯ ವಿಷಯಕ್ಕೆ ಹೋಗುತ್ತೇವೆ. ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಹಾಕಿದ್ದಕ್ಕೆ ಬೇಜಾರಾಗಬೇಡ ಮಾರಾಯ. ನಮ್ಮೂರಿನ ಬಗ್ಗೆ ನಾನು ಸುಳ್ಳು ಹೇಳಿದ್ದು ಎಲ್ಲರ ಮುಂದೆಯೇ.

ಸೇತುವೆ ಬಿದ್ದ ದಿನ ನೆನಪಿದೆಯಾ? 2024ರ ಆಗಸ್ಟ್ 7. ಕಾರವಾರದಿಂದ ಸದಾಶಿವಗಡಕ್ಕೆ ಹೋಗುವ ಹಳೇ ಕಾಳಿ ಸೇತುವೆ ರಾತ್ರಿ ಕುಸಿದು, ಒಂದು ಲಾರಿ ನದಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕಿದ. ಬೆಳಗಾಗುವ ಮೊದಲೇ ನೀನು ಫೋನ್ ಮಾಡಿ "ಮನೆಯಲ್ಲೇ ಇದ್ದೀಯಲ್ಲ?" ಅಂತ ಕೇಳಿದ್ದೆ. ಆಮೇಲೆ ನಾನೂ ಸೇತುವೆಯ ಈಚೆ ತುದಿಯ ಕೋಡಿಬಾಗಕ್ಕೆ ಹೋಗಿ ಜನರ ನಡುವೆ ನಿಂತೆ. ಎಲ್ಲರೂ ಮುರಿದ ಕಂಬ ನೋಡುತ್ತಿದ್ದರು. ನಾನು ಕೆಳಗಿನ ಕೆಂಪು ನೀರು ನೋಡಿದೆ. ಇದು ದಾಂಡೇಲಿಯ ನಮ್ಮ ಮಿಲ್ ಕ್ವಾರ್ಟರ್ಸ್ ಹಿಂದೆ ಹೋಗುತ್ತಿದ್ದ ನೀರಲ್ವಾ ಅನ್ನಿಸಿತು. ಇಷ್ಟು ವರ್ಷ ಕಾರವಾರದಲ್ಲಿದ್ದೇನೆ, ಒಂದು ಸಲವೂ ಹಾಗೆ ನೋಡಿರಲಿಲ್ಲ.

ಅದೇ ನೀರು ಇಲ್ಲಿಗೆ ಬರುವಷ್ಟರಲ್ಲಿ ಎಷ್ಟು ಕೆಲಸ ಮಾಡುತ್ತದೆ ನೋಡು. ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ ಸಮುದ್ರಕ್ಕೆ 184 ಕಿಲೋಮೀಟರ್. ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಅದನ್ನು ನಿಲ್ಲಿಸುತ್ತದೆ. ದಾಂಡೇಲಿ ದಾಟಿದ ಮೇಲೆ ಬೊಮ್ಮನಹಳ್ಳಿ. ಅಲ್ಲಿಂದ ಸುರಂಗದಲ್ಲಿ ನಾಗಝರಿಗೆ ಬಿದ್ದು ಕರೆಂಟು. ಮುಂದೆ ಕೊಡಸಳ್ಳಿ, ಕದ್ರಾ. ಹಳೇ ಸೂಪಾ ಊರು ಮುಳುಗಿತು, ಅಲ್ಲಿಯವರು ರಾಮನಗರಕ್ಕೆ ಬಂದರು. ಇವತ್ತಿಗೂ ಆ ಹಿರಿಯರು "ನಮ್ಮ ಸೂಪಾ" ಅನ್ನುವುದನ್ನು ಬಿಟ್ಟಿಲ್ಲ.

ಮೊನ್ನೆ ಮಗಳ ಶಾಲೆಯಲ್ಲಿ "ನಮ್ಮ ಊರು" ಅಂತ ಒಂದು ಪುಟ ಬರೆದು ತರಲು ಹೇಳಿದ್ದರು. ನಾನು ಸಿರ್ಸಿ ಹತ್ತಿರದ ಅಜ್ಜನಮನೆ ಊರಿನ ಹೆಸರು ಹೇಳಿದೆ. ತೋಟ, ಅಡಿಕೆ, ಮಾರಿಕಾಂಬೆ ಜಾತ್ರೆ ಎಲ್ಲ ಹೇಳಿದೆ. ಅವಳು ಬರೆದುಕೊಂಡಳು. ಆಮೇಲೆ ಪೆನ್ನು ಕೆಳಗಿಟ್ಟು, "ಅಪ್ಪ, ನೀನು ಅಲ್ಲಿ ಎಷ್ಟು ವರ್ಷ ಇದ್ದೆ?" ಅಂದಳು.

ಬೇಸಿಗೆ ರಜೆಯಲ್ಲಿ ಎರಡೆರಡು ವಾರ. ಅಷ್ಟೇ.

ಆ ಪುಟ ಹರಿದು ಹಾಕಿದೆ. ರಾತ್ರಿ ಹನ್ನೊಂದರ ತನಕ ಅವಳಿಗೆ ದಾಂಡೇಲಿ ಹೇಳಿದೆ. ನಿನಗೆ ಗೊತ್ತಿದ್ದದ್ದೇ. ಓದುವ ಉಳಿದವರಿಗೆ ಗೊತ್ತಾಗಲಿ ಅಂತ ಇಲ್ಲೂ ಬರೆಯುತ್ತೇನೆ.

ಮಿಲ್ಲಿಗಿಂತ ಮೊದಲು ಅದು ಮರದ ಊರು. ಸಾಗವಾನಿ ದಿಮ್ಮಿಗಳ ಡಿಪೋ, ಅದಕ್ಕಾಗಿ ಅಳ್ನಾವರದಿಂದ ಬಂದ ರೈಲು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಕಂಪನಿ ಹುಟ್ಟಿತು, 1959ರಲ್ಲಿ ಕಾಗದ ಹೊರಗೆ ಬಂತು. ಸುತ್ತ ಬಿದಿರಿನ ಕಾಡು, ಪಕ್ಕದಲ್ಲಿ ನದಿ, ಬಾಗಿಲಲ್ಲಿ ರೈಲು. ಬಿದಿರನ್ನು ಚೂರು ಮಾಡಿ ಕ್ಷಾರದಲ್ಲಿ ಬೇಯಿಸುತ್ತಾರೆ, ಕಪ್ಪು ರಸ ತೆಗೆದು ನಾರು ತೊಳೆಯುತ್ತಾರೆ, ಬಿಳಿ ಮಾಡಿ ಹಾಳೆ ಎಳೆಯುತ್ತಾರೆ. ಬೇಯಿಸುವಾಗ ಗಂಧಕ ಇರುತ್ತದೆ. ಅದಕ್ಕೇ ಆ ಕೊಳೆತ ಕೋಸಿನಂಥ ವಾಸನೆ. ಬಿದಿರು ಹೂ ಬಿಟ್ಟರೆ ಹಿಂಡಿಗೆ ಹಿಂಡೇ ಒಣಗುತ್ತದೆ. ಆಮೇಲಾಮೇಲೆ ನೀಲಗಿರಿ, ಗಾಳಿ, ಸುಬಾಬುಲ್ ಮರಗಳೂ ಲಾರಿಯಲ್ಲಿ ಬರತೊಡಗಿದವು.

ಆ ಕೆಲಸಕ್ಕೆ ಜನ ಎಲ್ಲೆಲ್ಲಿಂದ ಬಂದರು! ನಮ್ಮ ಸಾಲಿನ ಕ್ವಾರ್ಟರ್ಸ್‌ನಲ್ಲೇ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಮಲಯಾಳ, ಮಾರವಾಡಿ. ಜಗಳ ಹಿಂದಿಯಲ್ಲಿ ಶುರುವಾಗಿ ಕೊಂಕಣಿಯಲ್ಲಿ ಮುಗಿಯುತ್ತಿತ್ತು. ದಸರೆಗೆ ಡಿಲಕ್ಸ್ ಮೈದಾನದಲ್ಲಿ ರಾಮಲೀಲೆ, ರಾವಣನನ್ನು ಸುಡುವುದು. ನಮ್ಮ ಕಡೆ ಇನ್ನೆಲ್ಲಿತ್ತು ಅದು? ನಿನ್ನ ಅಮ್ಮಿ ನಮಗಿಬ್ಬರಿಗೂ ಒಂದೇ ಡಬ್ಬಿಯಲ್ಲಿ ಶೇಂಗಾ ಕಟ್ಟಿ ಕಳಿಸುತ್ತಿದ್ದರು. ಊರಿಗೆ ಹೆಸರು ಕೊಟ್ಟ ದಾಂಡೇಲಪ್ಪ ಒಡೆಯನಿಗೆ ನಂಬಿಕೆಯಿಂದ ದುಡಿದು ಪ್ರಾಣ ಕೊಟ್ಟ ಆಳು ಅಂತ ಹಿರಿಯರು ಹೇಳುತ್ತಿದ್ದರಲ್ಲ. ದುಡಿಯುವವನ ಹೆಸರಿನ ಊರು. ಮಗಳಿಗೆ ಅದು ತುಂಬಾ ಹಿಡಿಸಿತು.

ಮತ್ತೆ ಭೋಂಗಾ, ಮಿಲ್ಲಿನ ಸೈರನ್. ಅದು ಕೂಗಿದರೆ ಅಪ್ಪ ಎದ್ದರು, ಅಪ್ಪ ಬಂದರು, ಅಪ್ಪ ಮಲಗಿದ್ದಾರೆ ಸದ್ದು ಮಾಡಬೇಡಿ. ನೈಟ್ ಶಿಫ್ಟ್ ವಾರದಲ್ಲಿ ನಾವು ಸಾಲಿನ ಅಷ್ಟೂ ಹುಡುಗರು ಹಗಲು ನದಿ ಕಡೆಗೇ ಹೋಗುತ್ತಿದ್ದೆವು. ಆಚೆ ದಡದಲ್ಲಿ ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು.

ಇಷ್ಟೆಲ್ಲ ಇದ್ದ ಊರನ್ನು ನಾನು ಯಾಕೆ ಮುಚ್ಚಿಟ್ಟೆ ಗೊತ್ತಾ? ಧಾರವಾಡದ ಹಾಸ್ಟೆಲ್‌ನಲ್ಲಿ ಮೊದಲ ದಿನ ಟ್ರಂಕ್ ತೆರೆದಾಗ ಒಬ್ಬ ಮೂಗು ಮುಚ್ಚಿಕೊಂಡ. ಅಪ್ಪನ ಹಳೇ ಕಂಬಳಿ ಅದರಲ್ಲಿತ್ತು. ಅವತ್ತಿನಿಂದ ಯಾರು ಕೇಳಿದರೂ ನನ್ನೂರು ಸಿರ್ಸಿ.

ಇಲ್ಲಿಗೇ ನಿಲ್ಲಿಸಬೇಕು ಅಂದುಕೊಂಡು ಕೂತಿದ್ದೆ. ಆಗುತ್ತಿಲ್ಲ.

ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ನೀನು ಫೋನಿನಲ್ಲಿ, "ಕರೆದುಕೊಂಡು ಬಾ, ಎಲ್ಲರೂ ಸೇರಿದ್ದಾರೆ" ಅಂದೆ. ನಾನು ಹೂಂ ಅಂದೆ. ಡ್ರೈವರ್ ಹಳಿಯಾಳದ ದಾರಿನಾ ಅಂತ ಕೇಳಿದ. ನಾನು ಮುಂಡಗೋಡದ ಮೇಲೆ ಸಿರ್ಸಿ ಕಡೆ ಹೊರಡಿಸಿದೆ. ನೆಂಟರು ಹೇಳಿದರು, ಶಾಸ್ತ್ರ ಅಲ್ಲೇ ಆಗಬೇಕಿತ್ತು ಅಂತ ಇಷ್ಟು ದಿನ ನಿನಗೆ ಹೇಳಿದೆ. ಯಾರೂ ಹೇಳಿರಲಿಲ್ಲ. ನಾನೇ. ನೆಂಟರೆಲ್ಲ ಕ್ವಾರ್ಟರ್ಸ್‌ಗೆ ಬಂದು ಆ ವಾಸನೆಯಲ್ಲಿ ಕೂರುವುದು ನನಗೆ ಬೇಡವಾಗಿತ್ತು. ಮೂವತ್ತಮೂರು ವರ್ಷ ಅಪ್ಪನ ಜೊತೆ ಶಿಫ್ಟ್ ಮಾಡಿದವರು ಹಾರ ಹಿಡಿದು ಸಂಜೆಯವರೆಗೆ ಬಾಗಿಲಲ್ಲಿ ಕಾದರಂತೆ. ನೀನೂ ಅಲ್ಲೇ ಇದ್ದೆ. ಇವತ್ತಿನವರೆಗೆ ನೀನು ಒಂದು ಮಾತು ಕೇಳಿಲ್ಲ.

ಅಪ್ಪನಿಗೆ ಎಲ್ಲಿಗೆ ಹೋಗಬೇಕಿತ್ತು ಅಂತ ನನಗೆ ಗೊತ್ತಿತ್ತು ದೋಸ್ತ. ನಿವೃತ್ತಿಯಾದ ಮೇಲೂ ಅವರು ಆ ಊರು ಬಿಡಲಿಲ್ಲ. ಭೋಂಗಾಕ್ಕೆ ಕೈಗಡಿಯಾರ ಹೊಂದಿಸಿಕೊಳ್ಳುತ್ತಿದ್ದರು.

ಸಾಕು. ತಿನ್ನುವ ಮಾತಿಗೆ ಬರುತ್ತೇನೆ. ದಸರೆಗೆ ಮಗಳನ್ನು ಕರೆದುಕೊಂಡು ಬರುತ್ತಿದ್ದೇನೆ. ಈಗ ಎಲ್ಲರೂ ಗಣೇಶಗುಡಿಯ ರ‍್ಯಾಫ್ಟಿಂಗಿಗೆ ಬರುತ್ತಾರಲ್ಲ, ಅವಳಿಗೂ ಅದರ ಮೇಲೆ ಕಣ್ಣು. ಮೊದಲು ರಾವಣ, ಆಮೇಲೆ ದೋಣಿ ಅಂತ ಹೇಳಿದ್ದೇನೆ. ಅಪ್ಪನ ಶಿಫ್ಟಿನವರಲ್ಲಿ ಇದ್ದವರ ಮನೆಗೆಲ್ಲ ಒಂದೊಂದು ಸಲ ಹೋಗಬೇಕು, ನೀನು ಜೊತೆಗೆ ಬಾ. ನಿಮ್ಮ ಮನೆಯಲ್ಲೇ ಉಳಿಯುತ್ತೇವೆ. ಶೇಂಗಾ ಡಬ್ಬಿ ಇಟ್ಟಿರು. ಕಾರವಾರದಿಂದ ಒಣಮೀನು ತರುತ್ತೇನೆ, ಈ ಸಲ ನಿಜವಾಗಲೂ.

ಛತ್ರಿ ಮಾತ್ರ ಕೇಳಬೇಡ. ಅದು ನನ್ನದೇ.

ನಿನ್ನ,
ಮೂರನೇ ಸಾಲಿನ ದೋಸ್ತ