ಉಳಿದ ನದಿಗಳಿಗಾದರೂ ಗೇಟು ಬೇಡ

ಮಾನ್ಯ ಸಂಪಾದಕರೇ,

ಮೂವತ್ತೊಂದು ವರ್ಷ ಜಲವಿದ್ಯುತ್ ಕೇಂದ್ರದಲ್ಲಿ ಟರ್ಬೈನ್ ನೋಡಿಕೊಂಡವನು ನಾನು. ಆ ಸಂಬಳದಲ್ಲೇ ನನ್ನ ಮಕ್ಕಳು ಓದಿದ್ದು. ಜಲವಿದ್ಯುತ್ತಿನ ಬಗ್ಗೆ ‘ಹೊಗೆ ಇಲ್ಲ, ಹಾಗಾಗಿ ಹಾನಿಯೂ ಇಲ್ಲ’ ಎಂಬ ಮಾತು ಈಗ ಮತ್ತೆ ಜಾಸ್ತಿ ಕೇಳಿಸುತ್ತಿದೆ. ಅದಕ್ಕೇ ಈ ಪತ್ರ.

ಸಂಜೆ ಲೋಡ್, ಅಂದರೆ ವಿದ್ಯುತ್ ಬೇಡಿಕೆ, ಏರಿತು ಅಂತ ಫೋನ್ ಬಂದರೆ ಟರ್ಬೈನ್ ಚಾಲೂ ಮಾಡುತ್ತಿದ್ದೆವು. ರಾತ್ರಿ ಇಳಿದರೆ ಬಂದ್. ಕೆಳಗಿನ ನದಿಯೂ ನಮ್ಮ ಸ್ವಿಚ್ಚಿನ ಲೆಕ್ಕದಲ್ಲೇ ಏರಿ ಇಳಿಯಬೇಕಿತ್ತು. ಆಗಷ್ಟೇ ತುಂಬಿ ಹರಿದ ಜಾಗದಲ್ಲಿ ಬರೀ ಬಂಡೆ. ಗುಂಡಿಗಳಲ್ಲಿ ಸಿಕ್ಕಿಕೊಂಡು ಒದ್ದಾಡುವ ಮರಿಮೀನುಗಳು. ಪಾಳಿ ಮುಗಿಸಿ ಬರುವಾಗ ನೋಡುತ್ತಿದ್ದೆ. ನೋಡಿ ಸುಮ್ನೆ ಮನೆಗೆ ಹೋಗುತ್ತಿದ್ದೆ, ಅದೂ ನಿಜ.

ಹೂಳನ್ನಂತೂ ನಾವು ಬೈಯದ ದಿನವಿಲ್ಲ. ಟರ್ಬೈನಿನ ಚಕ್ರವನ್ನು ಅದು ಸವೆಸಿಬಿಡುತ್ತದೆ. ಆದರೆ ಕೆಳಗಿನ ದಡ, ಕಡಲ ತೀರ ಬದುಕುವುದು ಅದೇ ಹೂಳಿನಿಂದ. ಅಮೆರಿಕದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರೊಳಗೆ ಒಡೆದು ತೆಗೆದರು. ಅವುಗಳ ಹಿಂದೆ ದಶಕಗಳಿಂದ ನಿಂತಿದ್ದ ಹೂಳು ಹರಿದು, ನದಿ ಕಡಲು ಸೇರುವಲ್ಲಿ ಹೊಸ ಮರಳ ದಂಡೆ ಎದ್ದಿತು. ಕಡಲಿಂದ ನದಿಗೆ ಬಂದು ಮೊಟ್ಟೆ ಇಡುವ ಸಾಲ್ಮನ್ ಮೀನುಗಳು ಮತ್ತೆ ಮೇಲಕ್ಕೆ ಹತ್ತಿದವು.

‘ನಮ್ಮದು ಸಣ್ಣ ಯೋಜನೆ, ನೀರು ನಿಲ್ಲಿಸುವುದಿಲ್ಲ’ ಎನ್ನುವವರಿಗೂ ಒಂದು ಮಾತು. ನಿಲ್ಲಿಸುವುದಿಲ್ಲ, ಸುರಂಗಕ್ಕೆ ತಿರುಗಿಸುತ್ತೀರಿ. ತಿರುಗಿಸಿದ ಜಾಗದಿಂದ ಪವರ್‌ಹೌಸ್‌ವರೆಗಿನ ನದಿಗೆ ಬೇಸಿಗೆಯಲ್ಲಿ ಏನು ಉಳಿಯುತ್ತದೆ?

ಸಾವಿರ ಕಿಲೋಮೀಟರ್‌ಗಿಂತ ಉದ್ದದ ನದಿಗಳಲ್ಲಿ ಮೊದಲಿಂದ ಕೊನೆವರೆಗೂ ತಡೆಯಿಲ್ಲದೆ ಹರಿಯುವವು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ ಎಂದು 2019ರ ಜಾಗತಿಕ ಅಧ್ಯಯನವೊಂದು ಲೆಕ್ಕ ಕೊಟ್ಟಿತು. ಅವನ್ನಾದರೂ ಬಿಡಬಹುದು, ಅಲ್ವಾ?

ಹಾಗಾದರೆ ವಿದ್ಯುತ್ತಿಗೆ ಏನು ಮಾಡೋದು ಎಂದು ಕೇಳುತ್ತಾರೆ. ಕೇಳಬೇಕಾದ್ದೇ. ಈಗಾಗಲೇ ಕಟ್ಟಿದ ಕೇಂದ್ರಗಳಲ್ಲಿ ಸವೆದ ಚಕ್ರ, ಹಳೆಯ ಜನರೇಟರ್ ಸುರುಳಿ ಬದಲಿಸಿದರೆ ಅಷ್ಟೇ ನೀರಿಗೆ ಹೆಚ್ಚು ವಿದ್ಯುತ್ ಬರುತ್ತದೆ. ಕೊರತೆಯೆಲ್ಲ ಅದರಿಂದಲೇ ನೀಗುತ್ತದೆ ಎನ್ನುವುದಿಲ್ಲ. ಆದರೆ ಮೊದಲು ಅದನ್ನು ಮಾಡಿ. ಚಕ್ರ ಬದಲಿಸಿದ್ದಕ್ಕೆ ಯಾರೂ ಶಂಕುಸ್ಥಾಪನೆ ಮಾಡುವುದಿಲ್ಲ, ಅದೇ ತೊಂದರೆ.

ಅಲ್ಬೇನಿಯಾದಲ್ಲಿ ವ್ಯೋಸಾ ನದಿಗೂ ಅಣೆಕಟ್ಟುಗಳ ಯೋಜನೆ ಇತ್ತು. 2023ರ ಮಾರ್ಚ್‌ನಲ್ಲಿ ಸರ್ಕಾರ ಆ ನದಿಯನ್ನೇ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿತು. ತಡೆಯಿಲ್ಲದ ನದಿಗಳಿಗೆಲ್ಲ ಇಂಥ ಕಾನೂನು ರಕ್ಷಣೆ ಬೇಕು, ಅದೂ ಟೆಂಡರ್ ಕರೆಯುವ ಮೊದಲೇ.

— ಒಬ್ಬ ನಿವೃತ್ತ ಜಲವಿದ್ಯುತ್ ಎಂಜಿನಿಯರ್